ರಾತ್ರಿ ಎರಡು ಗಂಟೆಗೆ ಎಚ್ಚರವಿರುವವರು ಯಾರು?

ಬೆಂಗಳೂರಿನ ಬಡಾವಣೆಗಳಲ್ಲಿ, ಮೈಸೂರಿನಲ್ಲಿ, ಈಗೀಗ ಹುಬ್ಬಳ್ಳಿ, ಮಂಗಳೂರಿನಲ್ಲೂ ಒಂದು ಬಗೆಯ ಮನೆ ಕಾಣಸಿಗುತ್ತದೆ. ಹೊರಗಿನಿಂದ ನೋಡಿದರೆ ಎರಡಂತಸ್ತಿನ ಸಾಮಾನ್ಯ ವಾಸದ ಮನೆ. ಗೇಟಿನ ಮೇಲೊಂದು ಬೋರ್ಡು, ಒಳಗೆ ಹತ್ತರಿಂದ ಇಪ್ಪತ್ತು ಮಂಚ. ಮಲಗಿರುವವರು ಪಾರ್ಶ್ವವಾಯು ಹೊಡೆದವರು, ಸೊಂಟದ ಮೂಳೆ ಮುರಿದವರು, ಮರೆವಿನ ಕಾಯಿಲೆಯವರು, ವಯಸ್ಸಾಗಿ ಏಳಲಾಗದವರು. ಇವನ್ನು ಹಳೆಯ ಅರ್ಥದ ವೃದ್ಧಾಶ್ರಮ ಎನ್ನಲಾಗದು, ನರ್ಸಿಂಗ್ ಹೋಮ್ ಎನ್ನಲೂ ಆಗದು. ದುಡ್ಡು ಪಡೆದು ಊಟ, ವಸತಿ, ಮೈಕೈ ನೋಡಿಕೊಳ್ಳುವ ಕೆಲಸ ಮೂರನ್ನೂ ಒಟ್ಟಿಗೆ ಕೊಡುವ ಸಣ್ಣ ಆರೈಕೆ ಮನೆಗಳು ಇವು. ಇಂಥ ಮನೆಯನ್ನು ಹುಡುಕುವ ಕುಟುಂಬದ ಕೈಯಲ್ಲಿ ಸಾಮಾನ್ಯವಾಗಿ ಸಮಯವೇ ಇರುವುದಿಲ್ಲ. ನಾಳೆ ಡಿಸ್ಚಾರ್ಜ್ ಎಂದು ಆಸ್ಪತ್ರೆ ಹೇಳಿದ ಮೇಲೆ ಫೋನು ಹಿಡಿದು ಕೂತು, ಫೋಟೋ ನೋಡಿ, ದರ ಕೇಳಿ ಮುಗಿಸುವವರೇ ಹೆಚ್ಚು. ಟೈಲ್ಸ್ ಚೊಕ್ಕಟವಾಗಿದೆ, ತೋಟವಿದೆ, ಟಿ.ವಿ. ಇದೆ, ಸರಿ ಎನ್ನುತ್ತಾರೆ. ಆರೈಕೆ ಮನೆಯ ಗುಣವನ್ನು ತೀರ್ಮಾನಿಸುವುದು ಇವು ಯಾವುವೂ ಅಲ್ಲ ಎಂಬುದು ಈ ಬರಹದ ವಾದ. ಅಲ್ಲಿ ಎಷ್ಟು ಕೈಗಳಿವೆ, ಅವು ಎಷ್ಟು ಕಾಲದಿಂದ ಅಲ್ಲೇ ಇವೆ, ಹೊರಗಿನವರ ಕಣ್ಣಿಗೆ ಆ ಮನೆ ಎಷ್ಟು ತೆರೆದುಕೊಂಡಿದೆ ಎಂಬ ಮೂರು ಸಂಗತಿ ಗೊತ್ತಾದರೆ ಉಳಿದದ್ದೆಲ್ಲ ಸುಮಾರಾಗಿ ಗೊತ್ತಾದಂತೆಯೇ.

ಇಂಥ ಮನೆಗಳ ಅಗತ್ಯ ಕೆಲವೇ ಕುಟುಂಬಗಳ ಕತೆಯಾಗಿ ಉಳಿದಿಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ ಅರುವತ್ತು ದಾಟಿದವರು ಸುಮಾರು 10.4 ಕೋಟಿ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರ ಹೊತ್ತಿಗೆ ಅದು 14.9 ಕೋಟಿ, ಅಂದರೆ ಜನಸಂಖ್ಯೆಯ ಶೇ 10.5. 2050ಕ್ಕೆ ಐವರಲ್ಲಿ ಒಬ್ಬರು ಅರುವತ್ತು ದಾಟಿದವರಾಗಿರುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಹೆರಿಗೆಯ ಪ್ರಮಾಣ ಮೊದಲೇ ಇಳಿದದ್ದರಿಂದ ಇಲ್ಲಿ ಮುಪ್ಪೂ ಮೊದಲೇ ಬಂದಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮಹಿಳೆಯೊಬ್ಬರಿಗೆ ಸರಾಸರಿ 1.7 ಮಕ್ಕಳು. ಮೂವರು ಸೊಸೆಯಂದಿರು ಸರದಿಯ ಮೇಲೆ ಅತ್ತೆಯನ್ನು ನೋಡಿಕೊಳ್ಳುವ ಮನೆಗಳು ಈ ಲೆಕ್ಕದಲ್ಲೇ ಕಡಿಮೆಯಾಗುತ್ತವೆ. ಇದರ ಜೊತೆಗೆ ಮರೆವಿನ ಕಾಯಿಲೆ. ಅರುವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಬಂದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಹಗಲು ರಾತ್ರಿ ಅದಲುಬದಲಾಗಿ, ಬಾಗಿಲು ತೆರೆದು ಬೀದಿಗೆ ನಡೆದುಬಿಡುವ ಹಿರಿಯರೊಬ್ಬರನ್ನು ಕೆಲಸಕ್ಕೆ ಹೋಗುವ ಇಬ್ಬರೇ ಇರುವ ಮನೆ ಎಷ್ಟು ದಿನ ಕಾಯಬಲ್ಲದು?

ಹಾಗಿದ್ದೂ ಮೊದಲು ಏಳುವ ಆಕ್ಷೇಪ ನೈತಿಕವಾದದ್ದು. ಹೆತ್ತವರನ್ನು ಹೊರಗೆ ಬಿಡುವುದು ನಮ್ಮ ಸಂಸ್ಕೃತಿಯಲ್ಲ, ನಾಲ್ಕು ಜನ ಏನಂದಾರು ಎಂಬ ಮಾತು. ಈ ಮಾತಿನ ಹಿಂದಿನ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೆ ಒಪ್ಪುವುದಿಲ್ಲ. ಹಿಂದೆ ಮನೆಯಲ್ಲೇ ನಡೆಯುತ್ತಿದ್ದ ಆರೈಕೆಯನ್ನು ಮಾಡುತ್ತಿದ್ದವರು ಹೆಂಗಸರು. ಸಂಬಳವಿಲ್ಲ, ರಜೆಯಿಲ್ಲ, ಬೇಡ ಎನ್ನುವ ಅವಕಾಶವಿಲ್ಲ. ಸಂಸ್ಕೃತಿ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಅವರ ಬೆನ್ನುನೋವು. ಅಲ್ಲದೆ ಆಗ ಸೊಂಟ ಮುರಿದವರು ಬಹಳ ಕಾಲ ಬದುಕುತ್ತಿರಲಿಲ್ಲ; ಈಗ ಹಾಸಿಗೆ ಹಿಡಿದೂ ವರ್ಷಗಟ್ಟಲೆ ಬದುಕುತ್ತಾರೆ. ಕಾನೂನೂ ಈ ವ್ಯತ್ಯಾಸವನ್ನು ಬಲ್ಲದು. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಹಿರಿಯರನ್ನು ಸಂಪೂರ್ಣವಾಗಿ ತೊರೆದುಬಿಡುವುದನ್ನು ಅಪರಾಧವೆನ್ನುತ್ತದೆ. ಅದಕ್ಕೆ ಮೂರು ತಿಂಗಳವರೆಗಿನ ಜೈಲು ಅಥವಾ ದಂಡ. ಮಕ್ಕಳಿಲ್ಲದ ದೊಡ್ಡಮ್ಮನ, ಸೋದರಮಾವನ ಆಸ್ತಿಗೆ ವಾರಸುದಾರರಾಗುವ ಬಂಧುಗಳ ಮೇಲೂ ಪೋಷಣೆಯ ಹೊಣೆ ಹೊರಿಸುತ್ತದೆ. ಒಂದೇ ಸೂರಿನಡಿ ಇಟ್ಟುಕೊಳ್ಳಲೇಬೇಕು ಎಂದು ಮಾತ್ರ ಅದು ಹೇಳುವುದಿಲ್ಲ. ಕೈಬಿಡುವುದು ಬೇರೆ, ತನ್ನಿಂದಾಗದ ಕೆಲಸಕ್ಕೆ ಬಲ್ಲವರನ್ನು ಹುಡುಕಿ ತಾನು ಜೊತೆಗೇ ನಿಲ್ಲುವುದು ಬೇರೆ. ನಾಚಿಕೆಯಿಂದ ಒಂದು ನಿಜವಾದ ಕೇಡೂ ಇದೆ. ನೆಂಟರಿಗೆ ಗೊತ್ತಾಗದ ಹಾಗೆ ಸೇರಿಸಬೇಕೆಂದು ಹೊರಟವರು ದೂರದ, ಯಾರ ಕಣ್ಣಿಗೂ ಬೀಳದ ಮನೆಯನ್ನು ಆರಿಸುತ್ತಾರೆ, ಅಲ್ಲಿಗೆ ಹೋಗುವುದನ್ನೂ ಕಡಿಮೆ ಮಾಡುತ್ತಾರೆ. ಹಿರಿಯರಿಗೆ ಅಪಾಯವಾಗುವುದು ಆಗ.

ಸಣ್ಣ ಮನೆಯನ್ನೇ ಏಕೆ ನೋಡಬೇಕು? ಅಮೆರಿಕದಲ್ಲಿ ಬಿಲ್ ಥಾಮಸ್ ಎಂಬ ವೈದ್ಯರು ದೊಡ್ಡ ನರ್ಸಿಂಗ್ ಹೋಮ್‌ಗಳಿಗೆ ಪರ್ಯಾಯವಾಗಿ ಹತ್ತು ಹನ್ನೆರಡು ಮಂದಿ ವಾಸಿಸುವ ‘ಗ್ರೀನ್ ಹೌಸ್’ ಎಂಬ ಮಾದರಿಯನ್ನು ರೂಪಿಸಿದರು. ಅದರ ಮೊದಲ ಮನೆಗಳು 2003ರಲ್ಲಿ ಮಿಸಿಸಿಪ್ಪಿ ರಾಜ್ಯದ ಟ್ಯುಪೆಲೋ ಎಂಬ ಊರಿನಲ್ಲಿ ತೆರೆದವು. ಅಲ್ಲಿನ ನಿವಾಸಿಗಳು ದೊಡ್ಡ ಸಂಸ್ಥೆಗಳಲ್ಲಿದ್ದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ಹೇಳಿಕೊಂಡದ್ದು ಅಧ್ಯಯನಗಳಲ್ಲಿ ದಾಖಲಾಗಿದೆ. ಇಂಗ್ಲೆಂಡಿನಲ್ಲಿ ಆರೈಕೆ ಮನೆಗಳ ತಪಾಸಣೆ ಮಾಡುವ ಕೇರ್ ಕ್ವಾಲಿಟಿ ಕಮಿಷನ್ ಕೂಡ 2014ರಿಂದ 2017ರವರೆಗಿನ ತನ್ನ ತಪಾಸಣೆಗಳ ವರದಿಯಲ್ಲಿ ಸಣ್ಣ ಮನೆಗಳಿಗೆ ಒಳ್ಳೆಯ ದರ್ಜೆ ಹೆಚ್ಚಾಗಿ ಸಿಕ್ಕಿದ್ದನ್ನು ಗುರುತಿಸಿತು. ಆ ಸಣ್ಣ ಮನೆಗಳಲ್ಲಿ ಹಲವು ಬೌದ್ಧಿಕ ನ್ಯೂನತೆಯುಳ್ಳವರಿಗಾಗಿ ನಡೆಯುವಂಥವು, ಆದ್ದರಿಂದ ಆ ಫಲಿತಾಂಶವನ್ನು ಹಾಗೆಯೇ ಇಲ್ಲಿಗೆ ತಂದು ಅಂಟಿಸುವಂತಿಲ್ಲ. ಆದರೆ ಕಾರಣ ಮಾತ್ರ ಎಲ್ಲ ಕಡೆಯೂ ಒಂದೇ, ಅದು ಪರಿಚಯ. ವಯಸ್ಸಾದವರಲ್ಲಿ ಮೂತ್ರದ ಸೋಂಕು, ನ್ಯುಮೋನಿಯಾ ಬಂದಾಗ ಎಷ್ಟೋ ಸಲ ಜ್ವರವೇ ಕಾಣಿಸಿಕೊಳ್ಳುವುದಿಲ್ಲ. ಬೆಳಗಿನ ಕಾಫಿಯನ್ನು ಎಂದೂ ಬಿಡದ ಅಜ್ಜಿ ಅಂದು ಲೋಟವನ್ನು ಪಕ್ಕಕ್ಕೆ ಸರಿಸುತ್ತಾರೆ. ಚೆನ್ನಾಗಿ ಮಾತಾಡುತ್ತಿದ್ದ ತಾತ ಒಂದೇ ದಿನದಲ್ಲಿ ಮಂಕಾಗುತ್ತಾರೆ. ನಿನ್ನೆ ಅವರು ಹೇಗಿದ್ದರು ಎಂದು ಬಲ್ಲವರಿಗೆ ಮಾತ್ರ ಇದು ಕಾಯಿಲೆಯ ಸೂಚನೆ ಎಂದು ತಿಳಿಯುತ್ತದೆ. ಸಣ್ಣ ಮನೆ ಕೊಡಬಲ್ಲ ದೊಡ್ಡ ಔಷಧ ಈ ಬಲ್ಲತನವೇ.

ಆದರೆ ಸಣ್ಣದೆಂಬ ಒಂದೇ ಕಾರಣಕ್ಕೆ ಈ ಬಲ್ಲತನ ತಾನಾಗಿ ಬರುವುದಿಲ್ಲ. ಇಬ್ಬರೇ ಆಯಾಗಳಿರುವ ಮನೆಯಲ್ಲಿ ಒಬ್ಬರು ಊರಿಗೆ ಹೋದರೆ ಅರ್ಧ ಆರೈಕೆ ನಿಂತಿತು. ಮಾಲೀಕರೇ ಮ್ಯಾನೇಜರ್, ಅವರೇ ಲೆಕ್ಕದವರು, ದೂರು ಕೇಳುವವರೂ ಅವರೇ. ಹೊರಗಿನ ಕಣ್ಣು ಇಲ್ಲಿಗೆ ಬೀಳುವುದೇ ಅಪರೂಪ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಚಿಕಿತ್ಸೆ ಕೊಡುವ ಸಂಸ್ಥೆಗಳಿಗಾಗಿ ಮಾಡಿದ್ದು. ನಾವು ಊಟ ವಸತಿ ಕೊಟ್ಟು ನೋಡಿಕೊಳ್ಳುತ್ತೇವಷ್ಟೇ ಎನ್ನುವ ಮನೆ ಅದರ ಅಂಚಿನಲ್ಲಿ ನಿಂತುಬಿಡುತ್ತದೆ. 2007ರ ಕಾಯ್ದೆ ಜಿಲ್ಲೆಗೊಂದರಂತೆ 150 ಮಂದಿ ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮ ತೆರೆಯುವ ಮಾತಾಡುತ್ತದೆ. ದುಡ್ಡು ಕೊಟ್ಟು ಸೇರುವ ಖಾಸಗಿ ಆರೈಕೆ ಮನೆಯಲ್ಲಿ ಎಷ್ಟು ಮಂದಿಗೆ ಎಷ್ಟು ಆಯಾ ಇರಬೇಕೆಂಬುದನ್ನು ಹೇಳುವುದಿಲ್ಲ. ಈ ಕೊರತೆಯನ್ನು ನೀಗಿಸಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆಯಲ್ಲಿ ಆರೈಕೆ ಮನೆಗಳ ನೋಂದಣಿ, ಕನಿಷ್ಠ ಗುಣಮಟ್ಟ ಎರಡೂ ಇದ್ದವು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ಸಮಿತಿ ವರದಿಯನ್ನೂ ಕೊಟ್ಟಿತು. ಅಂಗೀಕಾರವಾಗದೆ ಉಳಿದು, 2024ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಹೀಗಾಗಿ ಇವತ್ತು ನಮ್ಮಲ್ಲಿ ಆರೈಕೆ ಮನೆಯ ನಿಜವಾದ ಇನ್‌ಸ್ಪೆಕ್ಟರ್ ಎಂದರೆ ಸೇರಿಸುವ ಕುಟುಂಬವೇ. ಆ ಕೆಲಸಕ್ಕೆ ವೈದ್ಯಕೀಯ ಓದು ಬೇಕಿಲ್ಲ. ಕೂಡಿ ಕಳೆಯುವ ಲೆಕ್ಕ ಬಂದರೆ ಆರಂಭಕ್ಕೆ ಸಾಕು.

ಆ ಲೆಕ್ಕವನ್ನೇ ಮಾಡೋಣ. ಹದಿನೈದು ಮಂದಿ ಹಿರಿಯರಿರುವ ಒಂದು ಮನೆ. ಹಗಲಿನ ಹನ್ನೆರಡು ಗಂಟೆ ಇಬ್ಬರು ಆಯಾಗಳು, ರಾತ್ರಿಯ ಹನ್ನೆರಡು ಗಂಟೆ ಒಬ್ಬರು ಎಂದುಕೊಳ್ಳಿ. ದಿನಕ್ಕೆ ಒಟ್ಟು 36 ಗಂಟೆಯ ದುಡಿಮೆ. ಹದಿನೈದರಿಂದ ಭಾಗಿಸಿದರೆ ಒಬ್ಬ ಹಿರಿಯರಿಗೆ ದಿನಕ್ಕೆ 2 ಗಂಟೆ 24 ನಿಮಿಷ. ಅಡುಗೆ, ಬಟ್ಟೆ ಒಗೆತ, ನೆಲ ಒರೆಸುವುದು ಕೂಡ ಅದೇ ಕೈಗಳ ಪಾಲಿಗೆ ಬಿದ್ದರೆ ಮೈಮುಟ್ಟಿ ಮಾಡುವ ಆರೈಕೆಗೆ ಉಳಿಯುವುದು ಇನ್ನೂ ಕಡಿಮೆ. ಹೋಲಿಕೆಗೆ ಅಮೆರಿಕವನ್ನು ನೋಡಿ. 2001ರಲ್ಲಿ ಅಲ್ಲಿನ ಸರ್ಕಾರಿ ಅಧ್ಯಯನವೊಂದು ನರ್ಸಿಂಗ್ ಹೋಮ್‌ನಲ್ಲಿ ಒಬ್ಬರಿಗೆ ದಿನಕ್ಕೆ 4.1 ಗಂಟೆಗಿಂತ ಕಡಿಮೆ ಆರೈಕೆ ಸಿಕ್ಕರೆ ಗುಣಮಟ್ಟ ಕುಸಿಯುತ್ತದೆ ಎಂದು ಕಂಡುಕೊಂಡಿತು. 2024ರಲ್ಲಿ ಹೊರಟ ನಿಯಮ 3.48 ಗಂಟೆಯನ್ನು ಕನಿಷ್ಠವೆಂದು ನಿಗದಿ ಮಾಡಿತು. ಸಂಸ್ಥೆಗಳು ನ್ಯಾಯಾಲಯಕ್ಕೆ ಹೋಗಿ 2025ರಲ್ಲಿ ಅದು ರದ್ದಾಯಿತು. ಆ ನರ್ಸಿಂಗ್ ಹೋಮ್‌ಗಳಲ್ಲಿ ಹೆಚ್ಚು ಕಾಯಿಲೆಯವರೇ ಇರುತ್ತಾರೆ, ನಡೆದಾಡುವವರೇ ಹೆಚ್ಚಿರುವ ನಮ್ಮ ಮನೆಗೆ ಆ ಅಳತೆ ಪೂರ್ತಿ ಹೊಂದುವುದಿಲ್ಲ, ನಿಜ. ಆದರೆ ಆ ಹದಿನೈದರಲ್ಲಿ ಐವರು ಹಾಸಿಗೆ ಹಿಡಿದವರಾದರೆ? ಮಗ್ಗುಲು ಬದಲಿಸಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕೆಂಬುದು ಶುಶ್ರೂಷೆಯ ರೂಢಿ. ರಾತ್ರಿಯೊಂದರಲ್ಲೇ ಐವರಿಗೆ ಮೂವತ್ತು ಸಲ. ಒಂದು ಸಲಕ್ಕೆ ಹತ್ತು ನಿಮಿಷವೆಂದರೂ ಐದು ಗಂಟೆ, ಅದೂ ಒಬ್ಬರೇ ಮಾಡಬಹುದಾದ ಕೆಲಸವೆಂದು ಹಿಡಿದರೆ. ಉಳಿದ ಹತ್ತು ಮಂದಿಯನ್ನು ಬಾತ್‌ರೂಮಿಗೆ ಕರೆದೊಯ್ಯುವವರು ಯಾರು? ಹತ್ತು ನಿಮಿಷದ ಈ ಲೆಕ್ಕವನ್ನು ಮನೆಯವರ ಮುಂದೆ ಇಟ್ಟಾಗ ಅವರು ಸಿಡುಕುತ್ತಾರೋ, ತಾವು ಹೇಗೆ ನಿಭಾಯಿಸುತ್ತೇವೆಂದು ವಿವರಿಸುತ್ತಾರೋ ಎಂಬುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ರಾತ್ರಿಯನ್ನು ಪ್ರತ್ಯೇಕವಾಗಿ ವಿಚಾರಿಸಬೇಕು ಎನ್ನುವುದು ಇದಕ್ಕೇ. ಹಗಲು ಬಂಧುಗಳು ಬರುತ್ತಾರೆ, ಮಾಲೀಕರಿರುತ್ತಾರೆ, ಎಲ್ಲ ನೆಟ್ಟಗಿರುತ್ತದೆ. ಹಿರಿಯರು ಬೀಳುವುದು ಎಷ್ಟೋ ಸಲ ಮೂತ್ರಕ್ಕೆಂದು ಆತುರದಲ್ಲಿ ಏಳುವಾಗ, ನಿದ್ದೆಗಣ್ಣಿನಲ್ಲಿ, ಮಬ್ಬು ಬೆಳಕಿನಲ್ಲಿ. ರಾತ್ರಿಪಾಳಿಯವರು ಎಚ್ಚರವಿದ್ದು ಕೆಲಸ ಮಾಡುತ್ತಾರೋ, ಹಗಲೆಲ್ಲ ದುಡಿದವರೇ ಹಜಾರದಲ್ಲಿ ಮಲಗಿ, ಕೂಗಿದರೆ ಏಳುತ್ತಾರೋ? ಎರಡಕ್ಕೂ ಬಾಯಿಮಾತಿನಲ್ಲಿ ‘ಇಪ್ಪತ್ನಾಲ್ಕು ಗಂಟೆ ಆರೈಕೆ’ ಎಂದೇ ಹೇಳುತ್ತಾರೆ. ಮೇಲಿನ ಮಹಡಿಯಲ್ಲಿ ಮಲಗಿದವರ ಕೂಗು ಕೆಳಗೆ ಕೇಳಿಸುತ್ತದೆಯೇ, ಮಂಚದ ಬಳಿ ಬೆಲ್ ಇದೆಯೇ, ಇದ್ದರೆ ಕೈಗೆಟಕುತ್ತದೆಯೇ, ಮುಂಬಾಗಿಲ ಬೀಗದ ಕೈ ಯಾರ ಬಳಿ ಇರುತ್ತದೆ, ಬೆಂಕಿ ಬಿದ್ದರೆ ನಡೆಯಲಾಗದವರನ್ನು ಹೇಗೆ ಇಳಿಸುತ್ತಾರೆ ಎಂದು ಕೇಳಲೇಬೇಕು. ರಾತ್ರಿ ಎರಡಕ್ಕೆ ಎದೆನೋವು ಬಂದರೆ ಆಸ್ಪತ್ರೆಗೆ ಸಾಗಿಸುವ ತೀರ್ಮಾನ ಯಾರದ್ದು? ಮಾಲೀಕರು ಫೋನ್ ಎತ್ತುವವರೆಗೆ ಕಾಯಬೇಕೋ, ಆಯಾ ತಾನೇ 108ಕ್ಕೆ ಕರೆ ಮಾಡಬಹುದೋ? ಆ ಅಧಿಕಾರ ಪಾಳಿಯಲ್ಲಿರುವವರಿಗೆ ಇಲ್ಲದ ಮನೆಯನ್ನು, ಉಳಿದುದೆಲ್ಲ ಎಷ್ಟೇ ಚೆನ್ನಾಗಿದ್ದರೂ, ಬಿಟ್ಟುಬಿಡುವುದು ಲೇಸು.

ಎರಡನೆಯ ಸಂಗತಿ ಆ ಕೈಗಳ ಬಾಳಿಕೆ. ಮೂರು ತಿಂಗಳಿಗೊಮ್ಮೆ ಆಯಾಗಳು ಬದಲಾಗುವ ಮನೆ ಎಷ್ಟು ಸಣ್ಣದಾದರೂ ಪರಿಚಯವೆಂಬುದು ಅಲ್ಲಿ ಬೇರು ಬಿಡುವುದಿಲ್ಲ. ಹಾಗಾಗಿ ಕೆಲಸದವರ ಸ್ಥಿತಿಯನ್ನು ವಿಚಾರಿಸುವುದು ಉಪಕಾರದ ಮಾತಾಗಿ ಉಳಿಯದೆ ನಿಮ್ಮವರ ಸುರಕ್ಷತೆಯ ಪ್ರಶ್ನೆಯೇ ಆಗುತ್ತದೆ. ಅವರು ಎಲ್ಲಿ ಮಲಗುತ್ತಾರೆ, ವಾರದ ರಜೆ ಇದೆಯೇ, ಬಹಳ ಕಾಲದಿಂದ ಇರುವವರು ಯಾರು, ಹೊಸಬರಿಗೆ ಕೆಲಸ ಕಲಿಸುವವರು ಯಾರು ಎಂದು ಕೇಳಿ. ನಮ್ಮ ನಗರಗಳಲ್ಲಿ ಇದಕ್ಕೆ ಭಾಷೆಯ ಒಂದು ಮುಖವೂ ಇದೆ. ಈ ಕೆಲಸಕ್ಕೆ ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳಿಂದ ಬಂದ ಯುವತಿಯರು ಬಹಳ ಮಂದಿ, ಕಷ್ಟಪಟ್ಟು ದುಡಿಯುತ್ತಾರೆ. ಆದರೆ ಮರೆವಿನ ಕಾಯಿಲೆ ಬಲಿತವರು ನಡುವೆ ಕಲಿತ ಭಾಷೆಗಳನ್ನು ಮರೆತು ತಾಯಿನುಡಿಗೆ ಮರಳುವುದುಂಟು. ನಲವತ್ತು ವರ್ಷ ಬೆಂಗಳೂರಿನಲ್ಲಿ ಕನ್ನಡದಲ್ಲೇ ಬಾಳಿದ ಉಡುಪಿಯ ಕಡೆಯವರು ತುಳುವಿನಲ್ಲಷ್ಟೇ ನೀರು ಕೇಳುವ ಹಂತ ಬರಬಹುದು. ಹಸಿವು, ನೋವು, ಮೂತ್ರ, ಚಳಿ, ಭಯ ಈ ಐದಾರು ಮಾತು ಅರ್ಥವಾಗುವವರು ಪ್ರತಿ ಪಾಳಿಯಲ್ಲೂ ಒಬ್ಬರಾದರೂ ಇರಬೇಕು. ಊಟವೂ ಹೀಗೆಯೇ. ಜೀವನವಿಡೀ ಮುದ್ದೆ ಸಾರು ಉಂಡವರಿಗೆ, ರೊಟ್ಟಿ ಪಲ್ಯ ತಿಂದವರಿಗೆ ಕೊನೆಗಾಲದಲ್ಲಿ ಒಗ್ಗದ ಊಟವಿಟ್ಟರೆ ಅವರು ಜಗಳವಾಡುವುದಿಲ್ಲ, ಸುಮ್ಮನೆ ಕಡಿಮೆ ತಿನ್ನುತ್ತಾರೆ. ಮನೆಗೆ ಹೋದಾಗ ಆಯಾ ಒಬ್ಬರನ್ನು ಮಾತಿಗೆಳೆದು, ಆ ಮೂಲೆಯ ಮಂಚದ ಅಜ್ಜಿ ಯಾವ ಊರಿನವರು, ಏನು ಇಷ್ಟಪಟ್ಟು ತಿನ್ನುತ್ತಾರೆ ಎಂದು ಕೇಳಿ ನೋಡಿ. ಥಟ್ಟನೆ ಉತ್ತರ ಬಂದರೆ ಆ ಮನೆಯಲ್ಲಿ ಪರಿಚಯವಿದೆ ಎಂದೇ ಅರ್ಥ.

ವೈದ್ಯಕೀಯ ವಿಷಯದಲ್ಲಿ ಸಾಮಾನ್ಯರಿಗೆ ಏನು ತಿಳಿದೀತು ಎಂದು ಹಿಂಜರಿಯಬೇಕಿಲ್ಲ. ನಾಲ್ಕು ಗುರುತುಗಳು ಸಾಕು. ಮೊದಲನೆಯದು ಹಾಸಿಗೆ ಹುಣ್ಣು. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗುವುದರಿಂದ ಇದು ಶುರು, ಬಹುಪಾಲು ತಡೆಯಬಹುದಾದದ್ದು. ಈಗ ಎಷ್ಟು ಮಂದಿಗೆ ಇದೆ, ಅವರಲ್ಲಿ ಇಲ್ಲಿಗೆ ಬಂದ ಮೇಲೆ ಆದದ್ದು ಎಷ್ಟು ಎಂದು ನೇರವಾಗಿ ಕೇಳಬಹುದು. ಎರಡನೆಯದು ಊಟ ಮಾಡಿಸುವ ರೀತಿ. ಪಾರ್ಶ್ವವಾಯು ಆದವರಿಗೆ ಮಲಗಿಸಿ ತಿನ್ನಿಸಿದರೆ ಆಹಾರ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ನೆಟ್ಟಗೆ ಕೂರಿಸಿ, ಆತುರಪಡದೆ, ಉಂಡ ಮೇಲೂ ಸ್ವಲ್ಪ ಹೊತ್ತು ಕೂರಿಸುವ ಮನೆ ಒಳ್ಳೆಯದು. ಊಟದ ಹೊತ್ತಿಗೇ ಹೋಗಿ ಇದನ್ನು ನೋಡಬೇಕು. ಮೂರನೆಯದು ಮಾತ್ರೆಗಳ ಪುಸ್ತಕ. ಯಾರಿಗೆ, ಯಾವುದು, ಎಷ್ಟು ಹೊತ್ತಿಗೆ, ಕೊಟ್ಟವರು ಯಾರು ಎಂದು ಸಹಿ ಸಮೇತ ಬರೆದಿಡುವ ರೂಢಿ ಇದೆಯೇ? ಇನ್ಸುಲಿನ್ ಚುಚ್ಚುವವರು ಅದನ್ನು ಕಲಿತವರೇ? ನಾಲ್ಕನೆಯದು ಎಲ್ಲಕ್ಕಿಂತ ಗಂಭೀರ. ಕೈಕಾಲು ಕಟ್ಟುವುದು, ನಿದ್ದೆಯ ಮಾತ್ರೆ ಕೊಟ್ಟು ಸುಮ್ಮನಾಗಿಸುವುದು. ಆಯಾಗಳು ಕಡಿಮೆ ಇರುವಲ್ಲಿ ಇವೆರಡೂ ಸುಲಭದ ದಾರಿಯಾಗಿ ಕಾಣುತ್ತವೆ. ಡಿಮೆನ್ಶಿಯಾ ಇರುವ ಹಿರಿಯರಿಗೆ ಮನೋರೋಗದ ಕೆಲವು ಔಷಧಗಳನ್ನು ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ವೈದ್ಯರು ತೂಗಿ ನೋಡಿ ಬರೆಯಬೇಕಾದ ಮಾತ್ರೆ ಅದು, ಪಾಳಿಯನ್ನು ಹಗುರ ಮಾಡಿಕೊಳ್ಳಲು ಕೊಡುವಂಥದ್ದಲ್ಲ. ಬೆಳಗಿನ ಹನ್ನೊಂದಕ್ಕೆ ಹೋದಾಗ ಮನೆ ಪೂರ್ತಿ ಗಾಢ ನಿದ್ದೆಯಲ್ಲಿದ್ದರೆ ಅದನ್ನು ಶಾಂತಿ ಎಂದು ತಿಳಿಯಬೇಡಿ.

ಆರಂಭದಲ್ಲಿ ಹೇಳಿದ ಮೂರು ಸಂಗತಿಗಳಲ್ಲಿ ಕೊನೆಯದು ತೆರೆದ ಬಾಗಿಲು. ಮೊದಲ ಭೇಟಿಯನ್ನು ಹೇಳಿ ಮಾಡಿ, ಎರಡನೆಯದನ್ನು ಹೇಳದೆ ಮಾಡಿ; ಭಾನುವಾರ ಸಂಜೆಯೋ, ರಾತ್ರಿ ಊಟದ ಹೊತ್ತೋ ಆದರೆ ಒಳ್ಳೆಯದು. ಮೂತ್ರದ ವಾಸನೆ ಒಂದು ಕೋಣೆಯಲ್ಲಿದ್ದರೆ ಅದು ಆ ಗಳಿಗೆಯದ್ದಿರಬಹುದು, ಇಡೀ ಮನೆಯಲ್ಲಿದ್ದರೆ ದಿನವೂ ಇರುವಂಥದ್ದು. ಉಗುರು ಕತ್ತರಿಸಿದೆಯೇ, ಹಲ್ಲಿನ ಸೆಟ್, ಕನ್ನಡಕ, ಕಿವಿಯ ಯಂತ್ರ ಅವರವರ ಬಳಿಯೇ ಇವೆಯೇ, ನೀರಿನ ಲೋಟ ಕೈಗೆಟಕುತ್ತದೆಯೇ, ಬಟ್ಟೆ ಬದಲಿಸುವಾಗ ಪರದೆ ಎಳೆಯುತ್ತಾರೆಯೇ, ‘ಅಜ್ಜಿ, ಏಳಿ’ ಎನ್ನುತ್ತಾರೋ ‘ಏ, ಏಳು’ ಎನ್ನುತ್ತಾರೋ ಗಮನಿಸಿ. ಹೇಳದೆ ಬಂದವರನ್ನು ಒಳಗೆ ಬಿಡುವುದಿಲ್ಲ, ಸೋಂಕಿನ ಭಯ, ಇತರರ ಖಾಸಗಿತನ ಎಂದು ಕೆಲವರು ಹೇಳುತ್ತಾರೆ. ಇನ್ನೊಬ್ಬರ ಕೋಣೆಗೆ ನುಗ್ಗಬಾರದೆಂಬುದು ಸರಿಯಾದ ಮಾತು. ಆದರೆ ಹಜಾರ, ಅಡುಗೆಮನೆ, ಬಾತ್‌ರೂಮು ತೋರಿಸಲೂ ಹಿಂಜರಿಯುವ ಮನೆ, ಸೇರಿಸಿದ ಮೇಲೆ ಹಗಲಿನ ಯಾವ ಹೊತ್ತಿನಲ್ಲಾದರೂ ಬಂದು ನೋಡಬಹುದೆಂದು ಬರೆದುಕೊಡಲು ಒಪ್ಪದ ಮನೆ ಬೇಡ. ಈಗಾಗಲೇ ಅಲ್ಲಿರುವವರ ಬಂಧುಗಳಲ್ಲಿ ಒಬ್ಬಿಬ್ಬರೊಂದಿಗೆ ಮಾಲೀಕರಿಲ್ಲದಾಗ ಮಾತಾಡುವುದು ಯಾವ ಜಾಹೀರಾತಿಗಿಂತಲೂ ಹೆಚ್ಚು ತಿಳಿಸುತ್ತದೆ.

ಇಷ್ಟೆಲ್ಲ ತಾಪತ್ರಯದ ಬದಲು ವೈದ್ಯರು, ನರ್ಸು, ಆಂಬುಲೆನ್ಸ್ ಎಲ್ಲ ಒಂದೇ ಆವರಣದಲ್ಲಿರುವ ದೊಡ್ಡ ಸಂಸ್ಥೆಗೇ ಸೇರಿಸಬಾರದೇಕೆ ಎಂದು ಕೇಳಬಹುದು. ಗಂಟಲಿಗೆ ನಳಿಕೆ ಹಾಕಿರುವವರಿಗೆ, ಆಮ್ಲಜನಕ ಬೇಕಾದವರಿಗೆ, ದಿನವೂ ನುರಿತ ನರ್ಸ್ ಕೆಲಸವಿರುವವರಿಗೆ ಅದೇ ಸರಿ. ಸಣ್ಣ ಮನೆ ಅಲ್ಲಿ ಅಪಾಯಕಾರಿ. ತಮ್ಮಿಂದ ಯಾರನ್ನು ನೋಡಿಕೊಳ್ಳಲಾಗದು ಎಂದು ಸ್ಪಷ್ಟವಾಗಿ ಹೇಳುವ ಸಣ್ಣ ಮನೆಯನ್ನು, ಎಲ್ಲರನ್ನೂ ಸೇರಿಸಿಕೊಳ್ಳುತ್ತೇವೆ ಎನ್ನುವ ಮನೆಗಿಂತ ಹೆಚ್ಚು ನಂಬಬಹುದು. ಆದರೆ ಬಹುಪಾಲು ಹಿರಿಯರಿಗೆ ಬೇಕಾಗಿರುವುದು ಸ್ನಾನ, ಊಟ, ಓಡಾಟಕ್ಕೆ ಒಂದು ಕೈ, ಮಾತಿಗೆ ಒಂದು ಕಿವಿ. ಆ ಕೆಲಸದಲ್ಲಿ ದೊಡ್ಡ ಕಟ್ಟಡ ಸಹಾಯಕ್ಕೆ ಬರುವುದಿಲ್ಲ. ಮನೆಯಲ್ಲೇ ಒಬ್ಬ ಅಟೆಂಡರ್ ಇಟ್ಟುಕೊಳ್ಳಬಹುದಲ್ಲ ಎಂಬುದು ಇನ್ನೊಂದು ಪ್ರಶ್ನೆ. ಜೊತೆಗೆ ಮನೆಯವರೊಬ್ಬರು ಇದ್ದರೆ ಅದು ಬಹಳ ಒಳ್ಳೆಯ ಏರ್ಪಾಡು. ಯಾರೂ ಇಲ್ಲದ ಮನೆಯಲ್ಲಿ, ಮಕ್ಕಳು ಹೊರದೇಶದಲ್ಲಿರುವಾಗ, ಏಜೆನ್ಸಿ ಕಳಿಸಿದ ಒಬ್ಬರೇ ಒಬ್ಬರು ಇಪ್ಪತ್ನಾಲ್ಕು ಗಂಟೆ ಮಾತನಾಡಲಾಗದ ಹಿರಿಯರೊಂದಿಗೆ ಇರುವುದು ಆ ಹಿರಿಯರಿಗೂ ಕಷ್ಟ, ಆ ಕೆಲಸದವರಿಗೂ ಕಷ್ಟ. ನೋಡುವ ಎರಡನೆಯ ಜೋಡಿ ಕಣ್ಣು ಅಲ್ಲಿಲ್ಲ.

ದುಡ್ಡಿನ ಮಾತನ್ನು ಮುಚ್ಚುಮರೆಯಿಲ್ಲದೆ ಆಡಬೇಕು. ಎಪ್ಪತ್ತು ದಾಟಿದವರೆಲ್ಲರಿಗೂ 2024ರ ಅಕ್ಟೋಬರಿನಿಂದ ವಿಸ್ತರಿಸಿದ ಆಯುಷ್ಮಾನ್ ಭಾರತ್‌ನ ಐದು ಲಕ್ಷ ರೂಪಾಯಿಯ ರಕ್ಷಣೆ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ. ಆರೈಕೆ ಮನೆಯ ತಿಂಗಳ ಖರ್ಚನ್ನು ಅದು ಮುಟ್ಟುವುದಿಲ್ಲ. ಪೂರ್ತಿ ಹೊರೆ ಕುಟುಂಬದ ಮೇಲೆಯೇ. ಆದ್ದರಿಂದ ಹೇಳಿದ ದರದಲ್ಲಿ ಡಯಾಪರ್, ಫಿಸಿಯೋಥೆರಪಿ, ವೈದ್ಯರ ಭೇಟಿ, ಔಷಧ ಸೇರಿವೆಯೇ, ಈಗ ನಡೆದಾಡುವವರು ನಾಳೆ ಹಾಸಿಗೆ ಹಿಡಿದರೆ ದರ ಎಷ್ಟಾಗುತ್ತದೆ, ಆಸ್ಪತ್ರೆಗೆ ಸೇರಿದ ದಿನಗಳಿಗೂ ಕೊಡಬೇಕೇ, ಬಿಡುವಾಗ ಅಥವಾ ತೀರಿಕೊಂಡಾಗ ಅಡ್ವಾನ್ಸ್ ಎಷ್ಟು ದಿನದಲ್ಲಿ ಮರಳುತ್ತದೆ ಎಂಬುದೆಲ್ಲ ಬರಹದಲ್ಲಿರಲಿ, ಕೊಟ್ಟ ಪ್ರತಿ ಕಂತಿಗೂ ರಸೀದಿ ಇರಲಿ. ದುಡ್ಡು ಪಡೆದು ಕೊಡುವ ಸೇವೆಯಾದ್ದರಿಂದ, ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಆ ಕಾಗದಗಳೇ ಆಧಾರ. ಕಡೆಗಾಲ ನೋಡಿಕೊಳ್ಳುತ್ತೇವೆ, ಮನೆ ಬರೆದುಕೊಡಿ ಎನ್ನುವ ಯಾರಿಗೂ ವಕೀಲರನ್ನು ಕೇಳದೆ ಸಹಿ ಹಾಕಬಾರದು. ಕಡಿಮೆ ದರದ ಮನೆಯೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸೀಮಿತ ದುಡ್ಡಿನಲ್ಲಿ ಆರಿಸುವಾಗ ಪ್ರತ್ಯೇಕ ಕೋಣೆ, ಎ.ಸಿ., ದೊಡ್ಡ ಬಡಾವಣೆಯ ವಿಳಾಸ ಇವನ್ನು ಬಿಟ್ಟುಕೊಡಿ, ರಾತ್ರಿಯ ಎರಡನೆಯ ಆಯಾಳನ್ನು ಬಿಟ್ಟುಕೊಡಬೇಡಿ.

ಈ ಲೆಕ್ಕಾಚಾರದ ನಡುವೆ ಸೇರಬೇಕಾದವರನ್ನೇ ಕೇಳುವುದು ಮರೆತುಹೋಗುತ್ತದೆ. ಎರಡು ದಿನಕ್ಕೆಂದು ಸುಳ್ಳು ಹೇಳಿ ಕರೆದೊಯ್ದು ಬಿಟ್ಟುಬರುವುದು ಅವರ ಉಳಿದ ನಂಬಿಕೆಯನ್ನೂ ಕಸಿಯುತ್ತದೆ. ಮನಸ್ಸು ನೆಟ್ಟಗಿರುವವರಾದರೆ ಎರಡು ಮೂರು ಮನೆಗಳನ್ನು ಅವರಿಗೇ ತೋರಿಸಿ, ಒಂದು ತಿಂಗಳು ಇದ್ದು ನೋಡುವ ಅವಕಾಶ ಕೊಟ್ಟು, ಒಗ್ಗದಿದ್ದರೆ ಬದಲಿಸುತ್ತೇವೆಂದು ಮಾತು ಕೊಡಿ, ಕೊಟ್ಟ ಮಾತನ್ನು ನಡೆಸಿ. ಮರೆವಿನವರಾದರೂ ಅವರ ಹೊದಿಕೆ, ದೇವರ ಪಟ, ಕೇಳುತ್ತಿದ್ದ ಹಾಡು ಜೊತೆಗೆ ಹೋಗಲಿ. ಕೊನೆಯ ದಿನಗಳ ಬಗೆಗೂ ಮೊದಲೇ ಮಾತಾಡಿಕೊಳ್ಳುವುದು ಅಪಶಕುನವೇನಲ್ಲ. ಗುಣವಾಗದ ಸ್ಥಿತಿಯಲ್ಲಿ ಯಂತ್ರಗಳ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇದನ್ನು ಜಾರಿಗೊಳಿಸಲು ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ಆ ಪತ್ರದ ಪ್ರತಿ ಆರೈಕೆ ಮನೆಯಲ್ಲೂ ಇದ್ದರೆ, ಮಧ್ಯರಾತ್ರಿ ಯಾರೂ ಗೊಂದಲಕ್ಕೆ ಬೀಳುವುದಿಲ್ಲ.

ಸೇರಿಸಿದ ದಿನಕ್ಕೆ ಆಯ್ಕೆ ಮುಗಿಯುವುದಿಲ್ಲ. ಬಂಧುಗಳು ಬಂದುಹೋಗುತ್ತಿರುವ ಮಂಚದ ಕಡೆ ಎಲ್ಲರ ಗಮನವೂ ಇರುತ್ತದೆ, ಇದು ಮನುಷ್ಯ ಸ್ವಭಾವ. ಹಾಗಾಗಿ ಇಪ್ಪತ್ತು ಕಿಲೋಮೀಟರ್ ಆಚೆಯ ಉತ್ತಮವೆನಿಸುವ ಮನೆಗಿಂತ, ವಾರಕ್ಕೆರಡು ಬಾರಿ ಹೋಗಿಬರಬಹುದಾದ ಹತ್ತಿರದ ಸಾಧಾರಣ ಮನೆಯೇ ಎಷ್ಟೋ ಸಲ ಮೇಲು. ತಿಂಗಳಿಗೊಮ್ಮೆ ತೂಕ ಕೇಳಿ, ಹಿಮ್ಮಡಿ ಬೆನ್ನು ನೋಡಿ, ಆಯಾಳ ಹೆಸರು ಹಿಡಿದು ಮಾತಾಡಿಸಿ, ಒಳ್ಳೆಯ ಕೆಲಸ ಕಂಡರೆ ಬಾಯಿತುಂಬ ಹೇಳಿ. ಕೆಡುಕು ಕಂಡು ಮಾಲೀಕರು ಕಿವಿಗೊಡದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಬರೆಯಿರಿ. ಆದರೆ ಸರ್ಕಾರದ ಹೊಣೆಯ ಜಾಗವನ್ನು ಕುಟುಂಬದ ಎಚ್ಚರ ಎಂದೂ ತುಂಬಲಾರದು. ಮಕ್ಕಳಿಲ್ಲದ, ಬಂದು ಕೇಳುವವರಿಲ್ಲದ ಹಿರಿಯರ ಪರವಾಗಿ ಎಣಿಸುವವರು ಯಾರು? ಪ್ರತಿ ಆರೈಕೆ ಮನೆಯ ನೋಂದಣಿ, ಹಗಲು ರಾತ್ರಿಯ ಪಾಳಿಗೆ ಕನಿಷ್ಠ ಸಿಬ್ಬಂದಿ, ವರ್ಷಕ್ಕೊಮ್ಮೆ ಹೇಳದೆ ಬರುವ ತಪಾಸಣೆ, ಆ ವರದಿ ಸಾರ್ವಜನಿಕರಿಗೆ ಸಿಗುವ ವ್ಯವಸ್ಥೆ ಈ ನಾಲ್ಕು ಅಂಶಗಳ ನಿಯಮವನ್ನು ರಾಜ್ಯ ಸರ್ಕಾರ ಕೇಂದ್ರದ ಮಸೂದೆಗಾಗಿ ಕಾಯದೆ ತರಬೇಕು. ಅದು ಬರುವವರೆಗೆ, ಹಿರಿಯರನ್ನು ಸೇರಿಸುವ ಪ್ರತಿಯೊಬ್ಬರೂ ಆಯಾಗಳನ್ನು ಎಣಿಸಿ, ರಾತ್ರಿಪಾಳಿಯನ್ನು ವಿಚಾರಿಸಿ, ಆಮೇಲೆ ಅಡ್ವಾನ್ಸ್ ಕೊಡಿ.